ಒಂದು ಕುಂಡ, ಹಲವು ಹಕ್ಕುದಾರರು



ಪೇಟೆಯ ಮನೆಗಳಲ್ಲಿ ಇಂದು ಅಂಗಳ ಕಾಣಸಿಗುವುದು ಅಪರೂಪ. ಹೆಚ್ಚೆಂದರೆ ಒಂದು ತಾರಸಿ, ಇಲ್ಲವಾದರೆ ಬಾಲ್ಕನಿ, ಅದೂ ಇಲ್ಲದವರಿಗೆ ಕಿಟಕಿಯ ಸಜ್ಜ. ಆದರೂ ಮಣ್ಣಿನ ಆಸೆ ಮನುಷ್ಯನನ್ನು ಬಿಡುವುದಿಲ್ಲ. ಮಣ್ಣಿನಿಂದಲೇ ಸೃಷ್ಟಿಸಲ್ಪಟ್ಟವನು ಮಣ್ಣನ್ನು ಮರೆಯುವುದಾದರೂ ಹೇಗೆ? ಹಳೆಯ ಬಕೆಟ್ಟಿನಲ್ಲಿ ಪುದೀನ, ಎಣ್ಣೆಯ ಡಬ್ಬದಲ್ಲಿ ಹಸಿಮೆಣಸು, ಒಡೆದ ಕೊಡದಲ್ಲಿ ಕರಿಬೇವು ಹೀಗೆ ಏನಾದರೊಂದು ಹಸಿರು ನಮ್ಮ ಮನೆಗಳಲ್ಲಿ ಇದ್ದೇ ಇರುತ್ತದೆ. ಈಚಿನ ವರ್ಷಗಳಲ್ಲಿ ಇವುಗಳ ಸಾಲಿಗೆ ಸ್ಟ್ರಾಬೆರಿಯೂ ಸೇರಿದೆ. ನರ್ಸರಿಗಳಲ್ಲಿ ಸಸಿ ಸಿಗುತ್ತದೆ. ಮಕ್ಕಳು ಹಟ ಹಿಡಿಯುತ್ತಾರೆ. ನಾವು ತಂದು ನೆಡುತ್ತೇವೆ.

ಧರ್ಮದ ವಿಚಾರಗಳನ್ನು ಓದಲು ತೆರೆದ ಪುಟದಲ್ಲಿ ಸ್ಟ್ರಾಬೆರಿಯ ಮಾತೇಕೆ ಎಂದು ಯಾರಾದರೂ ಕೇಳಬಹುದು. ಇಸ್ಲಾಮಿನಲ್ಲಿ ಗಿಡ ನೆಡುವುದು ಬರೀ ಹವ್ಯಾಸವಲ್ಲ. ಮುಸ್ಲಿಮನೊಬ್ಬನು ಗಿಡ ನೆಟ್ಟು ಅಥವಾ ಬೀಜ ಬಿತ್ತಿ, ಅದರಿಂದ ಹಕ್ಕಿಯಾಗಲಿ, ಮನುಷ್ಯನಾಗಲಿ, ಪ್ರಾಣಿಯಾಗಲಿ ತಿಂದರೆ ಅದು ಅವನ ಪಾಲಿಗೆ ದಾನವೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಹ. ಅನಸ್(ರ)ರಿಂದ ವರದಿಯಾದ ಈ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ನಾವೆಲ್ಲರೂ ಇದನ್ನು ಕೇಳಿದ್ದೇವೆ, ಹೇಳಿದ್ದೇವೆ. ಆದರೆ ಈ ಹದೀಸಿನೊಳಗೆ ಒಂದು ಸೂಕ್ಷ್ಮ ಅಡಗಿದೆ. ಗಿಡ ನೆಟ್ಟವನ ಹೊಟ್ಟೆಯ ಬಗ್ಗೆ ಇಲ್ಲಿ ಮಾತೇ ಇಲ್ಲ. ಇಲ್ಲಿರುವುದು ಇತರರ ಪಾಲಿನ ಮಾತು. ಕುಂಡ ನಮ್ಮದು, ನೀರು ನಮ್ಮದು, ಶ್ರಮ ನಮ್ಮದು ಎಂದು ನಾವು ಭಾವಿಸಿರುವಲ್ಲಿ ಹಲವು ಹಕ್ಕುದಾರರು ಮೊದಲೇ ನಿಂತಿರುತ್ತಾರೆ. ಆ ಹಕ್ಕುದಾರರು ಯಾರು ಎಂಬುದನ್ನು ನಾನು ತಡವಾಗಿ ಕಲಿತೆ. ಅದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಬೆಳೆಸುವವನು ಯಾರು?

ನೀವು ಬಿತ್ತುವುದನ್ನು ಗಮನಿಸಿದ್ದೀರಾ, ಅದನ್ನು ಬೆಳೆಸುವವರು ನೀವೋ ನಾವೋ ಎಂದು ಸೂರಾ ಅಲ್‌ವಾಕಿಅದಲ್ಲಿ ಅಲ್ಲಾಹನು ಮನುಷ್ಯನನ್ನು ಪ್ರಶ್ನಿಸುತ್ತಾನೆ (56:63-64). ಸೂರಾ ಅಬಸದಲ್ಲಿ, ಮನುಷ್ಯನು ತನ್ನ ಆಹಾರದ ಕಡೆಗೊಮ್ಮೆ ನೋಡಲಿ ಎನ್ನುತ್ತಾನೆ (80:24). ತಿನ್ನುವ ಮೊದಲು ನೋಡು, ನೋಡಿ ಯೋಚಿಸು ಎಂಬುದೇ ಇಲ್ಲಿನ ಪಾಠ.

ಹಾಗಾದರೆ ಒಂದು ಸ್ಟ್ರಾಬೆರಿಯನ್ನು ಅಂಗೈಯಲ್ಲಿಟ್ಟು ನೋಡೋಣ. ಅದರ ಮೈಮೇಲೆ ಸಣ್ಣ ಸಣ್ಣ ಕಾಳುಗಳಿವೆ. ನಾವು ಅವನ್ನು ಬೀಜವೆನ್ನುತ್ತೇವೆ. ಸಸ್ಯಶಾಸ್ತ್ರದ ಪ್ರಕಾರ ಆ ಒಂದೊಂದು ಕಾಳೂ ಒಂದು ಹಣ್ಣು, ಬೀಜವಿರುವುದು ಅದರೊಳಗೆ. ನಾವು ಹಣ್ಣೆಂದು ತಿನ್ನುವ ಕೆಂಪು ತಿರುಳು ಹೂವಿನ ತಳಭಾಗ ಉಬ್ಬಿ ಆದದ್ದು. ಯಾವ ಕಾಳಿಗೆ ಪರಾಗ ತಲುಪಿತೋ ಅದರ ಸುತ್ತ ತಿರುಳು ತುಂಬಿಕೊಳ್ಳುತ್ತದೆ, ತಲುಪದ ಕಡೆ ಹಣ್ಣು ಸೊಟ್ಟಗಾಗಿ ಕುಗ್ಗಿರುತ್ತದೆ. ಗಾಳಿಯೂ ಪರಾಗವನ್ನು ಸ್ವಲ್ಪಮಟ್ಟಿಗೆ ಹರಡುತ್ತದೆ ನಿಜ, ಆದರೆ ಹಣ್ಣು ದುಂಡಗೆ ತುಂಬಬೇಕಾದರೆ ಜೇನ್ನೊಣವು ಹೂವಿನ ಮೇಲೆ ಕುಳಿತು ಸುತ್ತಬೇಕು. ಜೇನ್ನೊಣಕ್ಕೆ ಬೆಟ್ಟಗಳಲ್ಲಿ, ಮರಗಳಲ್ಲಿ, ಮನುಷ್ಯರು ಕಟ್ಟುವವುಗಳಲ್ಲಿ ಗೂಡು ಕಟ್ಟುವಂತೆ ಅಲ್ಲಾಹನೇ ಬೋಧನೆ ನೀಡಿದನೆಂದು ಕುರ್‌ಆನ್ ತಿಳಿಸುತ್ತದೆ (16:68). ಆ ಅಧ್ಯಾಯಕ್ಕೆ ಹೆಸರೇ ಅನ್ನಹ್ಲ್, ಅಂದರೆ ಜೇನ್ನೊಣ. ನಮ್ಮ ಕುಂಡದ ಹೂವಿನ ಕಡೆಗೆ ಅದನ್ನು ಕರೆತಂದವರು ನಾವಲ್ಲ.

ಇನ್ನೊಂದು ನಿದರ್ಶನವನ್ನೂ ನೋಡಿ. ಒಂದಕ್ಕೊಂದು ತಾಗಿಕೊಂಡ ನೆಲದ ತುಂಡುಗಳಿಗೆ ಒಂದೇ ನೀರುಣಿಸಿದರೂ ರುಚಿಯಲ್ಲಿ ಒಂದಕ್ಕಿಂತ ಇನ್ನೊಂದನ್ನು ಉತ್ತಮಗೊಳಿಸಲಾಗಿದೆ, ಬುದ್ಧಿಯನ್ನು ಉಪಯೋಗಿಸುವವರಿಗೆ ಇದರಲ್ಲಿ ದೃಷ್ಟಾಂತವಿದೆ ಎಂಬುದು ಸೂರಾ ಅರ್‍ರಅದ್‌ನ ಬೋಧನೆ (13:4). ಬಾಲ್ಕನಿಯಲ್ಲಿ ಪಕ್ಕಪಕ್ಕದಲ್ಲಿರುವ ಮೂರು ಕುಂಡಗಳಿಗೆ ಒಂದೇ ಚೊಂಬಿನಿಂದ ನೀರು ಹಾಕುತ್ತೇವೆ. ಒಂದರಲ್ಲಿ ಮೆಣಸು ಖಾರವಾಗುತ್ತದೆ, ಇನ್ನೊಂದರಲ್ಲಿ ಪುದೀನ ಘಮಘಮಿಸುತ್ತದೆ, ಮೂರನೆಯದರಲ್ಲಿ ಸ್ಟ್ರಾಬೆರಿ ಸಿಹಿಯಾಗುತ್ತದೆ. ಈ ಆಯತ್ತನ್ನು ಮಕ್ಕಳಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕೇ?

ಒಂಟೆಯನ್ನು ಕಟ್ಟಿ ಭರವಸೆಯಿಡುವುದು

ಬೆಳೆಸುವವನು ಅಲ್ಲಾಹನೆಂದ ಮಾತ್ರಕ್ಕೆ ನಾವು ಕೈಕಟ್ಟಿ ಕೂರುವಂತಿಲ್ಲ. ಒಂಟೆಯನ್ನು ಕಟ್ಟದೆ ಬಿಟ್ಟು ಅಲ್ಲಾಹನ ಮೇಲೆ ಭರವಸೆಯಿಡಲೇ ಎಂದು ಕೇಳಿದವನಿಗೆ, ಮೊದಲು ಕಟ್ಟು, ಬಳಿಕ ಭರವಸೆಯಿಡು ಎಂಬರ್ಥದಲ್ಲಿ ಪ್ರವಾದಿ(ಸ)ರು ಉತ್ತರಿಸಿದರು (ತಿರ್ಮಿದಿ). ಗಿಡದ ವಿಷಯದಲ್ಲಿ ಒಂಟೆ ಕಟ್ಟುವುದೆಂದರೆ ಅದರ ಸ್ವಭಾವವನ್ನು ತಿಳಿದು ನಡೆಯುವುದು.

ಸ್ಟ್ರಾಬೆರಿ ತಂಪು ಬಯಸುವ ಗಿಡ. ನಮ್ಮ ದೇಶದಲ್ಲಿ ಮಹಾರಾಷ್ಟ್ರದ ಮಹಾಬಲೇಶ್ವರ, ಪಂಚಗಣಿಯ ಕಡೆಯ ಬೆಟ್ಟಗಳು ಅದಕ್ಕೆ ಹೆಸರುವಾಸಿ. ಮಹಾಬಲೇಶ್ವರದ ಸ್ಟ್ರಾಬೆರಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ನಮ್ಮಲ್ಲಿ ಚಿಕ್ಕಮಗಳೂರು, ಕೊಡಗು, ಬೆಳಗಾವಿ, ಬೆಂಗಳೂರಿನಂತಹ ಕಡೆ ಮಳೆಗಾಲ ಮುಗಿದ ಮೇಲೆ, ಅಂದರೆ ಅಕ್ಟೋಬರ್ ಹೊತ್ತಿಗೆ ನೆಟ್ಟರೆ ಚಳಿಗಾಲದಲ್ಲಿ ಹೂವಾಗಿ ಹಣ್ಣಾಗುತ್ತದೆ. ಕರಾವಳಿಯ ಸೆಕೆಯಲ್ಲಿ ಅದು ಸೊರಗುತ್ತದೆ. ಮಂಗಳೂರು, ಉಡುಪಿಯ ಓದುಗರು ಅದಕ್ಕಾಗಿ ಬೇಸರಪಡಬೇಕಾಗಿಲ್ಲ. ನಿಮ್ಮ ಮಣ್ಣಿಗೆ ಒಗ್ಗುವ ಬಸಳೆಯನ್ನೋ ತೊಂಡೆಯನ್ನೋ ನೆಡಿ. ಹದೀಸಿನಲ್ಲಿ ಹೇಳಿರುವ ಪುಣ್ಯ ಇಂಥದೇ ಗಿಡಕ್ಕೆಂದು ಗೊತ್ತುಮಾಡಿದ್ದಲ್ಲ.

ಕುಂಡ ಸುಮಾರು 20 ಸೆಂಟಿಮೀಟರ್ ಆಳವಿದ್ದರೆ ಒಂದು ಸಸಿಗೆ ಸಾಕು. ದುಬಾರಿ ಕುಂಡಗಳಿಗೆ ಹಣ ಸುರಿಯಬೇಕಾಗಿಲ್ಲ, ಹಳೆಯ ಬಕೆಟ್ಟಿನ ತಳಕ್ಕೆ ನಾಲ್ಕು ತೂತು ಮಾಡಿದರೂ ಆಯಿತು. ಆದರೆ ತೂತು ಇರಲೇಬೇಕು, ನೀರು ನಿಂತರೆ ಬೇರು ಕೊಳೆಯುತ್ತದೆ. ಕೆಂಪುಮಣ್ಣು, ಚೆನ್ನಾಗಿ ಕೊಳೆತ ಗೊಬ್ಬರ, ಸ್ವಲ್ಪ ಮರಳು ಅಥವಾ ತೆಂಗಿನ ನಾರಿನ ಪುಡಿಯನ್ನು ಬೆರೆಸಿ ತುಂಬಬೇಕು. ಎಲೆಗಳೆಲ್ಲ ಹೊರಡುವ ಬುಡದ ಗಂಟು ಮಣ್ಣಿನ ಮಟ್ಟಕ್ಕೆ ಸರಿಯಾಗಿರಬೇಕು. ಹೂತುಹೋದರೆ ಕೊಳೆಯುತ್ತದೆ, ಮೇಲಕ್ಕೆದ್ದರೆ ಒಣಗುತ್ತದೆ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ನೆಟ್ಟ ಹೊಸತರಲ್ಲಿ ಬರುವ ಹೂಗಳನ್ನು ಚಿವುಟಿದರೆ ಗಿಡ ಬಲಿಯುತ್ತದೆ. ಬುಡದಲ್ಲಿ ಒಣಹುಲ್ಲು ಹಾಸಿದರೆ ಹಣ್ಣು ಒದ್ದೆ ಮಣ್ಣಿಗೆ ತಾಗಿ ಕೆಡುವುದಿಲ್ಲ. ಮಕ್ಕಳು ತೊಳೆಯದೆಯೂ ಬಾಯಿಗೆ ಹಾಕಿಕೊಳ್ಳುವ ಹಣ್ಣಿದು. ಆದ್ದರಿಂದ ವಿಷದ ಔಷಧಿ ಸಿಂಪಡಿಸಬೇಡಿ, ಹೂವಿರುವಾಗ ಸಿಂಪಡಿಸಿದರೆ ಜೇನ್ನೊಣವೂ ಸಾಯುತ್ತದೆ.

ಹೂವು ಕಾಯಿಯಾಗಿ ಹಣ್ಣಾಗಲು ಸುಮಾರು ಒಂದು ತಿಂಗಳು ಬೇಕು. ಕಾಯಿಯನ್ನು ಮೊದಲೇ ಕಿತ್ತು ಡಬ್ಬದಲ್ಲಿಟ್ಟರೆ ಮಾವಿನಂತೆ ಹಣ್ಣಾಗದು. ಗಿಡದಲ್ಲೇ ಪೂರ್ತಿ ಕೆಂಪಾಗುವವರೆಗೆ ಕಾಯಬೇಕು. ಸಬ್ರ್ ಎಂಬ ಪದದ ಅರ್ಥವನ್ನು ಮಕ್ಕಳು ನಿಘಂಟಿಲ್ಲದೆ ಕಲಿಯುತ್ತಾರೆ.

ಮೇಲಿನ ಮನೆಯ ನೀರು

ಇಷ್ಟನ್ನೆಲ್ಲ ತಿಳಿದುಕೊಂಡೇ ನಾನು ನೆಟ್ಟಿದ್ದೆ. ತಿಳಿಯದೆ ಹೋದದ್ದು ಬೇರೆಯೇ ಇತ್ತು.

ನಾವಿರುವುದು ಚಿಕ್ಕಮಗಳೂರಿನಲ್ಲಿ, ಬಾಡಿಗೆ ಮನೆಯ ಮೇಲ್ಮಹಡಿಯಲ್ಲಿ. ಕೆಳಗಿನ ಮನೆಯಲ್ಲಿ ಒಬ್ಬರು ಹಿಂದೂ ಅಜ್ಜಿ, ಮಗ, ಸೊಸೆ ಮತ್ತು ಮೂರು ವರ್ಷದ ಮೊಮ್ಮಗು. ಆ ವರ್ಷ ಬಾಲ್ಕನಿಯ ಕಟ್ಟೆಯ ಮೇಲೆ ಆರು ಕುಂಡಗಳನ್ನಿಟ್ಟಿದ್ದೆ. ಏಳು ವರ್ಷದ ನನ್ನ ಮಗಳು ಪ್ರತಿದಿನ ಬೆಳಿಗ್ಗೆ ಹೂಗಳನ್ನು ಎಣಿಸುತ್ತಿದ್ದಳು. ಜನವರಿಯಲ್ಲಿ ಕಾಯಿಗಳು ಬಿಳುಪಾಗಿ ತಿರುಗುತ್ತಿದ್ದವು. ಸಂಕ್ರಾಂತಿ ಕಳೆದು ಬಿಸಿಲು ಚುರುಕಾಗಿತ್ತು. ಒಂದು ಬೆಳಿಗ್ಗೆ ಮದ್ರಸಕ್ಕೆ ಹೊರಡುವ ಅವಸರದಲ್ಲಿ ಪೈಪ್ ಹಿಡಿದು ಕುಂಡಗಳಿಗೆ ನೀರು ಬಿಟ್ಟೆ. ಗೊಬ್ಬರದ ಕಂದು ನೀರು ತೂತುಗಳಿಂದ ಸುರಿದು ಕೆಳಗೆ ಬಿತ್ತು. ಕೆಳಗೆ ಅಜ್ಜಿ ಬಿಳಿ ಬಟ್ಟೆ ಹಾಸಿ ಆಗತಾನೇ ಸಂಡಿಗೆ ಇಟ್ಟಿದ್ದರು.

ಅವರು ತಲೆಯೆತ್ತಿ, "ಏನು ಮೇಷ್ಟ್ರೇ, ಸ್ವಲ್ಪ ನೋಡಬಾರದಾ? ಬೆಳಗಿನ ಜಾವ ಎದ್ದು ಮಾಡಿದ್ದು" ಎಂದರು. ತಪ್ಪಾಯಿತು ಎನ್ನಬೇಕಾಗಿದ್ದ ನಾನು, "ಮಹಡಿಯ ಕೆಳಗೇ ಯಾಕೆ ಇಡ್ತೀರಿ? ನೀರು ಬೀಳದೆ ಇನ್ನೇನು ಬೀಳುತ್ತೆ?" ಎಂದು ಹೇಳಿ ಮೆಟ್ಟಿಲಿಳಿದು ಹೋದೆ. ಅವರು ಮತ್ತೇನೂ ಹೇಳಲಿಲ್ಲ. ಬಟ್ಟೆಯ ನಾಲ್ಕು ಮೂಲೆ ಹಿಡಿದು ಎಲ್ಲವನ್ನೂ ಎತ್ತಿ ತಿಪ್ಪೆಗೆ ಹಾಕುತ್ತಿದ್ದುದನ್ನು ಗೇಟಿನ ಬಳಿಯಿಂದ ಕಂಡೆ.

ಅಂದು ಮದ್ರಸದಲ್ಲಿ ಪಾಠ ಏನಿತ್ತು ಗೊತ್ತೇ? ನೆರೆಯವರ ಹಕ್ಕುಗಳು! ಯಾರ ಕಿರುಕುಳದಿಂದ ನೆರೆಯವನು ಸುರಕ್ಷಿತನಲ್ಲವೋ ಅವನು ವಿಶ್ವಾಸಿಯಲ್ಲವೆಂದು ಪ್ರವಾದಿ(ಸ)ರು ಆಣೆಯಿಟ್ಟು ಹೇಳಿದ ಹದೀಸನ್ನು (ಬುಖಾರಿ) ಮಕ್ಕಳಿಗೆ ಬಾಯಿಪಾಠ ಮಾಡಿಸಬೇಕಾಗಿತ್ತು. ನಮಾಝ್, ಉಪವಾಸ, ದಾನಗಳಲ್ಲಿ ಮುಂದಿದ್ದೂ ನಾಲಗೆಯಿಂದ ನೆರೆಯವರನ್ನು ನೋಯಿಸುತ್ತಿದ್ದ ಮಹಿಳೆಯ ಬಗ್ಗೆ ಕೇಳಿದಾಗ, ಆಕೆ ನರಕದವಳೆಂದು ಅವರು ಉತ್ತರಿಸಿದ ಪ್ರಸಂಗವನ್ನೂ (ಮುಸ್ನದ್ ಅಹ್ಮದ್) ಹೇಳಬೇಕಾಗಿತ್ತು. ಮಕ್ಕಳು ನನ್ನ ಹಿಂದೆ ಗಟ್ಟಿಯಾಗಿ ಹೇಳುತ್ತಿದ್ದರು. ನನ್ನ ದನಿ ಮಾತ್ರ ಏಳುತ್ತಿರಲಿಲ್ಲ.

ಗಿಡ ನೆಟ್ಟು ಸದಕಾದ ಪುಣ್ಯ ಸಂಪಾದಿಸುತ್ತಿದ್ದೇನೆಂದು ನಾನು ಭಾವಿಸಿದ್ದೆ. ಹಣ್ಣು ಕೆಂಪಾಗುವ ಮೊದಲೇ ಅದೇ ಕುಂಡದ ನೀರಿನಿಂದ ಒಬ್ಬ ವೃದ್ಧೆಯ ಶ್ರಮ ಹಾಳಾಯಿತು, ನನ್ನ ನಾಲಗೆಯಿಂದ ಅವರ ಮನಸ್ಸು ನೊಂದಿತು. ಅಲ್ಲಾಹನು ತನ್ನ ಹಕ್ಕಿನಲ್ಲಾದ ಲೋಪವನ್ನು ಕ್ಷಮಿಸಿಯಾನು. ದಾಸರ ಹಕ್ಕನ್ನು ಆ ದಾಸರೇ ಕ್ಷಮಿಸಬೇಕು. ಅವರು ನಮ್ಮ ಧರ್ಮದವರಲ್ಲವೆಂಬ ನೆಪಕ್ಕೆ ಇಲ್ಲಿ ಎಡೆಯಿಲ್ಲ. ಹ. ಅಬ್ದುಲ್ಲಾಹ್ ಬಿನ್ ಅಮ್ರ್(ರ)ರ ಮನೆಯಲ್ಲಿ ಆಡು ಕೊಯ್ದಾಗ ಅವರು ಮೊದಲು ವಿಚಾರಿಸಿದ್ದು ಯಹೂದಿ ನೆರೆಯವನಿಗೆ ಪಾಲು ಕಳುಹಿಸಿದಿರಾ ಎಂದು. ನೆರೆಯವನ ಬಗ್ಗೆ ಜಿಬ್ರೀಲರು(ಅ) ಎಷ್ಟು ಒತ್ತಿ ಒತ್ತಿ ಉಪದೇಶಿಸಿದರೆಂದರೆ ಅವನನ್ನು ವಾರೀಸುದಾರನನ್ನಾಗಿ ಮಾಡಿಬಿಡುವರೋ ಎಂದು ತೋರಿತೆಂಬ ಪ್ರವಾದಿವಚನವನ್ನು ಅವರು ಆ ಸಂದರ್ಭದಲ್ಲೇ ನೆನಪಿಸಿದರು (ಅಬೂದಾವೂದ್, ತಿರ್ಮಿದಿ).

ಸಂಜೆ ಮನೆಗೆ ಬಂದವನು ಕುಂಡಗಳನ್ನೆಲ್ಲ ಕಟ್ಟೆಯಿಂದ ಇಳಿಸಿ ಒಳಗಡೆಗೆ ಸಾಲಾಗಿಟ್ಟೆ. ಒಂದೊಂದರ ಅಡಿಗೂ ಹಳೆಯ ತಟ್ಟೆಯಿಟ್ಟೆ. ಮಗ್ರಿಬ್ ಬಳಿಕ ಕೆಳಗಿಳಿದು ಹೋಗಿ, "ಅಮ್ಮಾ, ಬೆಳಿಗ್ಗೆ ನಾನು ಹಾಗೆ ಮಾತಾಡಬಾರದಿತ್ತು. ತಪ್ಪು ನನ್ನದೇ. ಕ್ಷಮಿಸಬೇಕು" ಎಂದೆ. ಅವರು ಕೂಡಲೇ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಸಂಡಿಗೆ ಇನ್ನೊಂದು ಸಲ ಮಾಡಬಹುದು. ಮಾತು ಹಾಗಲ್ಲವಲ್ಲ ಮೇಷ್ಟ್ರೇ" ಎಂದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಎರಡು ದಿನದ ಬಳಿಕ ಅವರು ಮತ್ತೆ ಹಿಟ್ಟು ಕಾಯಿಸಿದಾಗ ನನ್ನ ಪತ್ನಿ ಬೆಳಿಗ್ಗೆಯೇ ಕೆಳಗೆ ಹೋಗಿ ಅವರ ಜೊತೆ ಕುಳಿತು ಸಂಡಿಗೆಯಿಟ್ಟು ಬಂದಳು.

ಆ ದಿನದಿಂದ ಪೈಪ್ ಬಿಟ್ಟು ಚೊಂಬಿನಲ್ಲಿ, ಬುಡಕ್ಕೆ ಮಾತ್ರ ನೀರು ಹಾಕುತ್ತೇವೆ. ಗಿಡಕ್ಕೂ ಅದೇ ಹಿತ. ಎರಡು ಅಂಗೈಗಳ ಬೊಗಸೆ ತುಂಬುವಷ್ಟು, ಅಂದರೆ ಒಂದು ಮುದ್ದ್ ನೀರಿನಲ್ಲಿ ಪ್ರವಾದಿ(ಸ)ರು ವುಝೂ ಮಾಡುತ್ತಿದ್ದರೆಂದು ವರದಿಯಿದೆ (ಬುಖಾರಿ, ಮುಸ್ಲಿಮ್). ನಲ್ಲಿ ತೆರೆದಿಟ್ಟು ವುಝೂ ಮಾಡುವ ನಾವು ಆ ನೀರನ್ನಾದರೂ ಒಂದು ಪಾತ್ರೆಯಲ್ಲಿ ಹಿಡಿದು ಗಿಡಕ್ಕೆ ಹಾಕಬಹುದಲ್ಲವೇ?

ಮೊದಲ ಹಣ್ಣು ಯಾರಿಗೆ?

ಜನವರಿಯ ಕೊನೆಗೆ ಒಂದು ಹಣ್ಣು ಪೂರ್ತಿ ಕೆಂಪಾಯಿತು, ಒಂದೇ ಒಂದು. ಮಗಳು ಅದರ ಮುಂದಿನಿಂದ ಕದಲುತ್ತಿರಲಿಲ್ಲ.

ಮದೀನದ ಜನರು ಹೊಸ ಬೆಳೆಯ ಮೊದಲ ಹಣ್ಣನ್ನು ಪ್ರವಾದಿ(ಸ)ರ ಬಳಿಗೆ ತರುತ್ತಿದ್ದರು. ಅವರು ಅದನ್ನು ಸ್ವೀಕರಿಸಿ, ಹಣ್ಣುಗಳಲ್ಲೂ ನಗರದಲ್ಲೂ ಅಳತೆಗಳಲ್ಲೂ ಬರಕತ್ ನೀಡುವಂತೆ ಪ್ರಾರ್ಥಿಸುತ್ತಿದ್ದರು. ಬಳಿಕ ಅಲ್ಲಿ ಹಾಜರಿದ್ದ ಮಕ್ಕಳಲ್ಲಿ ಅತ್ಯಂತ ಚಿಕ್ಕ ಮಗುವಿಗೆ ಅದನ್ನು ಕೊಡುತ್ತಿದ್ದರು. ಹ. ಅಬೂಹುರೈರಾ(ರ)ರ ಈ ವರದಿ ಸಹೀಹ್ ಮುಸ್ಲಿಮ್‌ನಲ್ಲಿದೆ. ಇಡೀ ನಗರವೇ ಗೌರವಿಸುವ ನಾಯಕರ ಕೈಗೆ ಬಂದ ಹಣ್ಣು ಕೊನೆಗೆ ಸೇರುತ್ತಿದ್ದುದು ಒಂದು ಮಗುವಿನ ಬಾಯಿಗೆ! ಈ ಹದೀಸನ್ನು ಮಗಳಿಗೆ ಹೇಳಿದೆ. ಆಕೆಯ ಮುಖ ಅರಳಿತು. ಮನೆಯಲ್ಲಿ ಚಿಕ್ಕವಳು ಆಕೆಯೇ.

ಅಷ್ಟರಲ್ಲಿ ಕೆಳಗಿನ ಮನೆಯ ಮಗು ಮೆಟ್ಟಿಲು ಹತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಿತು. ನಾನೂ ಪತ್ನಿಯೂ ಮುಖ ಮುಖ ನೋಡಿಕೊಂಡೆವು. ಹಾಜರಿದ್ದವರಲ್ಲಿ ಈಗ ಚಿಕ್ಕವರು ಯಾರು? ಮಗಳಿಗೂ ಅರ್ಥವಾಯಿತು. ಆಕೆಯ ಕಣ್ಣು ತುಂಬಿಬಂದವು. ಬಲವಂತ ಮಾಡಬಾರದೆಂದು ನಾನು ಸುಮ್ಮನಿದ್ದೆ. ತುಂಬ ಹೊತ್ತಿನ ಮೇಲೆ ಆಕೆಯೇ ಹಣ್ಣು ಕಿತ್ತು, ತೊಳೆದು, ಆ ಮಗುವಿನ ಕೈಗೆ ಕೊಟ್ಟು ಒಳಗೆ ಹೋಗಿ ಮಲಗಿಬಿಟ್ಟಳು. ಪ್ರೀತಿಸುವುದನ್ನು ಖರ್ಚು ಮಾಡುವ ತನಕ ಪುಣ್ಯವನ್ನು ಪಡೆಯಲಾರಿರಿ ಎಂಬ ಅರ್ಥದ ಆಯತ್ತನ್ನು (3:92) ನಾನು ಎಷ್ಟೋ ಸಲ ಬೋಧಿಸಿದ್ದೇನೆ. ಅದರ ಭಾರ ಎಷ್ಟೆಂದು ಆ ದಿನ ಮಗಳ ಮುಖದಲ್ಲಿ ಕಂಡೆ.

ಎರಡನೆಯ ಹಣ್ಣು ಆಕೆಗೇ ಎಂದು ನಿಶ್ಚಯವಾಯಿತು. ಮೂರು ದಿನದಲ್ಲಿ ಅದು ಕೆಂಪಾಯಿತು. ಬೆಳಿಗ್ಗೆ ನೋಡಿದರೆ ಪಿಕಳಾರ ಹಕ್ಕಿಯೊಂದು ಅರ್ಧ ತಿಂದು ಹೋಗಿತ್ತು. ಮಗಳು ಉಳಿದರ್ಧವನ್ನು ಹಿಡಿದುಕೊಂಡು ಬಂದು, "ಇದೂ ಸದಕಾನೇನಾ ಅಬ್ಬಾ?" ಎಂದು ಸಿಟ್ಟಿನಲ್ಲೇ ಕೇಳಿದಳು. ಹೌದಮ್ಮ, ಇದೂ ಸದಕಾ ಎಂದೆ. ಕದ್ದು ಒಯ್ದದ್ದೂ, ಹಕ್ಕಿ ತಿಂದದ್ದೂ, ಯಾರಿಂದ ಎಷ್ಟೇ ಕಡಿಮೆಯಾದರೂ ಅದೆಲ್ಲವೂ ನೆಟ್ಟವನಿಗೆ ಸದಕಾ ಎಂದು ಹ. ಜಾಬಿರ್(ರ)ರ ವರದಿಯಲ್ಲಿ ಸ್ಪಷ್ಟವಾಗಿದೆ (ಮುಸ್ಲಿಮ್). ಬಳಿಕ ಗಿಡಗಳ ಮೇಲೆ ಹಳೆಯ ಸೊಳ್ಳೆಪರದೆಯ ತುಂಡು ಹೊದಿಸಿದೆವು. ಹೂಗಳಿಗೆ ಜೇನ್ನೊಣ ಬರಲೆಂದು ಹಗಲಿನಲ್ಲಿ ಪರದೆಯ ಒಂದು ಬದಿಯನ್ನು ಎತ್ತಿಡುತ್ತಿದ್ದೆವು. ಮೂರನೆಯ ಹಣ್ಣನ್ನು ಮಗಳು ಬಿಸ್ಮಿಲ್ಲಾಹ್ ಹೇಳಿ ತಿಂದಳು.

ಬಳ್ಳಿ ಹಬ್ಬಿದಂತೆ

ಸಹೋದರ ಸಹೋದರಿಯರೇ, ಆರು ಕುಂಡಗಳಲ್ಲಿ ಬುಟ್ಟಿಗಟ್ಟಲೆ ಹಣ್ಣು ಬರುವುದಿಲ್ಲ. ವಾರಕ್ಕೊಂದು ಬೊಗಸೆ ಬಂದರೆ ದೊಡ್ಡದು. ಇಷ್ಟನ್ನು ಯಾರಿಗೆ ಕೊಡುವುದು ಎಂದು ಸಂಕೋಚಪಡಬೇಡಿ. ಆಡಿನ ಗೊರಸೇ ಆದರೂ ಸರಿ, ನೆರೆಯವಳಿಗೆ ಕೊಡುವ ಉಡುಗೊರೆಯನ್ನು ಕ್ಷುಲ್ಲಕವೆಂದು ಭಾವಿಸಬಾರದೆಂದು ಪ್ರವಾದಿ(ಸ)ರು ಮುಸ್ಲಿಮ್ ಸ್ತ್ರೀಯರಿಗೆ ವಿಶೇಷವಾಗಿ ಉಪದೇಶಿಸಿದ್ದಾರೆ (ಬುಖಾರಿ, ಮುಸ್ಲಿಮ್). ನಾಲ್ಕು ಹಣ್ಣನ್ನು ಒಂದು ಬಟ್ಟಲಲ್ಲಿಟ್ಟು ಕಳುಹಿಸಿ. ಮೊಬೈಲಿನಲ್ಲಿ ಚಿತ್ರ ತೆಗೆದು ಊರಿಗೆಲ್ಲ ತೋರಿಸುವುದಕ್ಕಿಂತ ಪಕ್ಕದ ಮನೆಯ ಬಾಗಿಲು ತಟ್ಟುವುದು ಮೇಲು.

ಹಣ್ಣು ಮುಗಿದ ಮೇಲೂ ಈ ಗಿಡದ ದಾನ ಮುಗಿಯುವುದಿಲ್ಲ. ಬೇಸಿಗೆಯ ಹೊತ್ತಿಗೆ ಅದು ತೆಳುವಾದ ಬಳ್ಳಿಗಳನ್ನು ಹೊರಗೆ ಚಾಚುತ್ತದೆ. ಬಳ್ಳಿಯ ಗಂಟಿನಲ್ಲಿ ಪುಟ್ಟ ಸಸಿ ಮೂಡುತ್ತದೆ. ಆ ಗಂಟನ್ನು ಪಕ್ಕದ ಕುಂಡದ ಮಣ್ಣಿಗೆ ತಾಗಿಸಿಟ್ಟರೆ ಕೆಲವೇ ವಾರಗಳಲ್ಲಿ ಬೇರು ಬಿಡುತ್ತದೆ. ಬೇರು ಗಟ್ಟಿಯಾದ ಮೇಲೆ ಬಳ್ಳಿ ಕತ್ತರಿಸಿದರೆ ಹೊಸ ಗಿಡ ತನ್ನ ಕಾಲ ಮೇಲೆ ನಿಲ್ಲುತ್ತದೆ. ಮಳೆಗಾಲದಲ್ಲಿ ಇವನ್ನು ಸೂರಿನಡಿ ಕಾಪಾಡಿಕೊಂಡರೆ ಅಕ್ಟೋಬರಿನಲ್ಲಿ ಮತ್ತೆ ನೆಡಬಹುದು. ಹೀಗೆ ಒಂದು ತಾಯಿಗಿಡದಿಂದ ಹಲವು ಮನೆಗಳಿಗೆ ಸಸಿ ಹೋಗುತ್ತದೆ. ನಾವು ಕೊಟ್ಟ ಸಸಿಯಿಂದ ಅವರು ಇನ್ನೊಬ್ಬರಿಗೆ ಕೊಡುತ್ತಾರೆ. ಆ ಮನೆಗಳಲ್ಲಿ ಒಂದು ಮಗು ಒಂದು ಹಣ್ಣು ತಿಂದರೂ ಅದರಲ್ಲಿ ನಮಗೊಂದು ಪಾಲಿದೆಯೆಂದು ನಾವು ಅಲ್ಲಾಹನಲ್ಲಿ ನಿರೀಕ್ಷೆಯಿಡಬಹುದು. ಕೆಳಗಿನ ಮನೆಯ ಅಜ್ಜಿಗೂ ಎರಡು ಸಸಿ ಕೊಟ್ಟಿದ್ದೇವೆ. ಅವರ ಗಿಡ ನಮ್ಮದಕ್ಕಿಂತ ಚೆನ್ನಾಗಿ ಬಂದಿದೆ.

ಕೆಲವೊಮ್ಮೆ ಗಿಡ ಒಣಗಿಹೋಗುತ್ತದೆ, ರೋಗ ತಗಲುತ್ತದೆ, ಬಸವನಹುಳು ತಿಂದುಹಾಕುತ್ತದೆ. ಆಗ ನಿರಾಶರಾಗಬೇಡಿ. ಕೈಯಲ್ಲಿ ಸಸಿಯಿರುವಾಗ ಅಂತ್ಯಘಳಿಗೆಯೇ ಬಂದುಬಿಟ್ಟರೂ, ಸಾಧ್ಯವಾದರೆ ಅದನ್ನು ನೆಟ್ಟುಬಿಡಬೇಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆ (ಮುಸ್ನದ್ ಅಹ್ಮದ್). ಆ ಸಸಿಯ ಹಣ್ಣನ್ನು ತಿನ್ನುವವರು ಯಾರೂ ಇರುವುದಿಲ್ಲ. ಆದರೂ ನೆಡು ಎಂದರು. ನೆಡುವ ಕೆಲಸ ನಮ್ಮದು, ಫಲ ಅಲ್ಲಾಹನದ್ದು.

ಆದ್ದರಿಂದ ಈ ಅಕ್ಟೋಬರಿನಲ್ಲಿ ಕುಂಡಕ್ಕೆ ಮಣ್ಣು ತುಂಬುವಾಗ ಒಂದು ಕ್ಷಣ ನಿಂತು ಯೋಚಿಸಿ. ಇದರ ನೀರು ಎಲ್ಲಿ ಬೀಳುತ್ತದೆ? ಇದರ ಹಣ್ಣು ಮೊದಲು ಯಾರಿಗೆ ಹೋಗುತ್ತದೆ? ಇದರ ಬಗ್ಗೆ ಯಾರಾದರೂ ದೂರಿದರೆ ನನ್ನ ನಾಲಗೆ ಏನು ಹೇಳುತ್ತದೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ಸರಿಯಿದ್ದರೆ ಹಣ್ಣು ಬಂದರೂ ಲಾಭ, ಬಾರದಿದ್ದರೂ ಲಾಭ. ಉತ್ತರ ಸರಿಯಿಲ್ಲದಿದ್ದರೆ ಬುಟ್ಟಿ ತುಂಬ ಹಣ್ಣು ಬಂದರೂ ನಾಳೆಯ ತಕ್ಕಡಿಯಲ್ಲಿ ಅದು ನಮ್ಮ ಪಾಲಿಗೆ ಉಳಿಯುವುದೋ ಇಲ್ಲವೋ ಬಲ್ಲವರಾರು?

ಓ ಅಲ್ಲಾಹ್, ನಮ್ಮ ಕೈಗಳು ನೆಡುವುದರಲ್ಲಿ ಬರಕತ್ ನೀಡು. ನಮ್ಮ ಕೈಯಿಂದಲೂ ನಾಲಗೆಯಿಂದಲೂ ನೆರೆಯವರನ್ನು ಸುರಕ್ಷಿತಗೊಳಿಸು. ನಮ್ಮ ಮಕ್ಕಳಿಗೆ ಕೊಡುವ ಕೈಯನ್ನೂ ಕಾಯುವ ಮನಸ್ಸನ್ನೂ ಕರುಣಿಸು. ಆಮೀನ್.